ಮೂರು ಸುತ್ತು ಕೊಸರು

ಎಂಟು ಕಾಲು, ಕಿರುಬೆರಳ ಉಗುರಿಗಿಂತ ಚಿಕ್ಕ ಮೈ.
ನಾಲ್ಕು ಮಿಲಿಆಂಪ್ ಕೊಟ್ಟರೆ ದಿನವೆಲ್ಲ ದುಡಿಯುತ್ತೆ
ಅಂತ ಅದರ ಕಾಗದ ಹೇಳುತ್ತೆ.
ನನ್ನ ಮೇಜಿನ ಮೇಲಿರೋದು ಇಪ್ಪತ್ತನಾಲ್ಕು ಎಳೀತಿದೆ.
ಬೆರಳಿಟ್ಟೆ. ಅರೆಗಳಿಗೆ ಇಡೋಕಾಗಲಿಲ್ಲ.

ಬೋರ್ಡು ಇಮ್ದಾದ್ ಸಾಬರ ರೀಲಿಂಗ್ ಮನೆಯದು.
ಅದರ ಜೊತೆ ಅರ್ಧ ಶಿಡ್ಲಘಟ್ಟವೇ ಅಂಗಡಿಗೆ ಬಂದಿತ್ತು:
ಬೆಂದ ಗೂಡಿನ ನಾತ,
ಕೆಪಾಸಿಟರಿನ ನೆತ್ತಿಗೆ ಅಂಟಿದ ಒಂದೆಳೆ ರೇಷ್ಮೆ,
ಮೂಲೆಯಲ್ಲಿ ಯಾವುದೋ ಚಿಟ್ಟೆಯ ಮುರಿದ ರೆಕ್ಕೆ.
"ಬೆಳಿಗ್ಗೆ ಐದಕ್ಕೆ ಬಾಣಲೆಗೆ ಗೂಡು ಹಾಕ್ತೀನಿ" ಅಂದರು.
ಅಂದರೆ, ಈ ರಾತ್ರಿ ನಿನಗೆ ನಿದ್ದೆ ಇಲ್ಲ ಅಂತ.

ಮೊದಲು ಚಿಪ್ಪನ್ನೇ ಅನುಮಾನಿಸಿದೆ.
ಈಗೀಗ ಬೆನ್ನು ಉಜ್ಜಿ ಹೊಸ ನಂಬರು ಒತ್ತಿದ ಮಾಲೇ ಜಾಸ್ತಿ.
ಕಿತ್ತೆ, ಇನ್ನೊಂದು ಕೂರಿಸಿದೆ. ಕಾದಿತು.
ಮತ್ತೊಂದು. ಅದೂ ಕಾದಿತು.
ಕಾವಲಿನವನನ್ನು ಮೂರು ಸಲ ಬದಲಿಸಿದರೂ
ಕಳವು ನಿಲ್ಲದಿದ್ದರೆ
ಕಾವಲಿನವನ ಜೇಬು ತಡಕಬಾರದು.

"ರವಣ, ಮಾಸ್ಫೆಟ್ಟಿನ ಗೇಟು ಎತ್ತಿಬಿಡು."
ಎತ್ತಿದ. ತಣ್ಣಗಾಯಿತು!
ಹುಡುಗ ಕುಣಿದ. ಹೊಸ ಮಾಸ್ಫೆಟ್ ಬೆಸೆದೆವು.
ಕಾದಿತು.
ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗಿನಿಂದ ಹನ್ನೆರಡು ವೋಲ್ಟು ಕೊಟ್ಟರೆ ಸಾಧು, ನಾಲ್ಕೇ.
ತನ್ನ ಮನೆಯ ಊಟಕ್ಕೆ ಕೂತರೆ ಮಾತ್ರ ಈ ಜ್ವರ.

ಹನ್ನೊಂದು ಗಂಟೆಗೆ, ಮೊದಲೇ ಮಾಡಬೇಕಿದ್ದನ್ನು ಮಾಡಿದೆ:
ಮೀಟರಿನ ಕಡ್ಡಿ ಹಿಡಿದು ಸುಮ್ಮನೆ ನೋಡಿದೆ.
ರೆಸಿಸ್ಟರಿನ ಆಚೆ ಹದಿನಾಲ್ಕು ಪಾಯಿಂಟ್ ಮೂರು.
ಈಚೆ ಹದಿಮೂರೂವರೆ. ಅಲ್ಲೇ ನಿಂತಿದೆ,
ಕೂದಲೆಳೆಯಷ್ಟೂ ಮೇಲೇರದೆ.

ಚಿಪ್ಪಿನೊಳಗೊಂದು ಝೀನರ್ ಇದೆ,
ಕೆರೆಗೆ ಕೋಡಿ ಇರೋ ಹಾಗೆ.
ನೀರು ಹೆಚ್ಚಾದರೆ ಏರಿ ಒಡೆಯದಿರಲಿ ಅಂತ
ಪಕ್ಕಕ್ಕೆ ಹರಿಯಬಿಡೋ ತಗ್ಗು.
ಇಷ್ಟು ಹೊತ್ತು ಕುಡುಕ ಅಂತ ಬೈದೆನಲ್ಲ,
ಅದು ಕೋಡಿ ಬಿದ್ದಿತ್ತು.
ಈ ಕಡೆಯ ಕೆರೆ ಕೋಡಿ ಬಿದ್ದದ್ದನ್ನು
ನಾನು ಎರಡೇ ಸಲ ಕಂಡವಳು,
ಗುರುತು ಸಿಗದಿದ್ದರೆ ತಪ್ಪೇನು?

ಹಾಗಾದರೆ ಮೇಲಿಂದ ಸುರಿದವರು ಯಾರು?

ಹಿಂದಿನ ಓಣಿಯಲ್ಲಿ ಖಮರುನ್ನೀಸಾಳ ದೀಪ ಇನ್ನೂ ಉರಿಯುತ್ತಿತ್ತು.
ಮೂವತ್ತು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು,
ತುದಿಗಳಲ್ಲಿ ಗೆರೆಯೇ ಉಳಿದಿಲ್ಲ.
ಈಗ ಅದೇ ಬೆರಳು ಟ್ರಾನ್ಸ್‌ಫಾರ್ಮರಿಗೆ ತಾಮ್ರ ಸುತ್ತುತ್ತೆ.
ಹೋದ ತಿಂಗಳು ಇದನ್ನೂ ಸುತ್ತಿದ್ದಳು.

"ಈ ಚಿಕ್ಕ ಸುತ್ತು ಎಷ್ಟು ಹಾಕಿದ್ದೆ, ಬೂಬಮ್ಮ?"
"ಚೀಟಿಯಲ್ಲಿ ಇದ್ದಷ್ಟು. ಹನ್ನೆರಡು."
ಸ್ವಲ್ಪ ಹೊತ್ತು ಬಿಟ್ಟು,
"ಮೇಲೆ ಮೂರು ಕೊಸರು.
ನಾನು ಯಾರಿಗೂ ಗೀಚಿ ಅಳೆದು ಕೊಟ್ಟವಳಲ್ಲಮ್ಮ."

ಸುತ್ತಿಗೊಂದು ವೋಲ್ಟು.
ಹುರಳಿಗೆ, ಅವರೆಕಾಯಿಗೆ, ಮಲ್ಲಿಗೆಯ ಮೊಳಕ್ಕೆ
ಕೊಸರು ಕೇಳಿ ಜಗಳವಾಡುವವಳು ನಾನೇ.
ಕೇಳದೆ ಕೊಟ್ಟವಳಿಗೆ ಏನಂತ ಹೇಳಲಿ?
"ಇದಕ್ಕೆ ಹೊಟ್ಟೆ ಚಿಕ್ಕದು" ಅಂದೆ.

ಹಳದಿ ಪಟ್ಟಿ ಬಿಚ್ಚಿ ಹಿಂದಕ್ಕೆ ಎಣಿಸಿದಳು:
ಪಂದ್ರಾ, ಚೌದಾ, ತೇರಾ.
ಬಿಚ್ಚೋಕೆ ಎಣಿಸಿದ್ದು ಇದೇ ಮೊದಲು ಅಂದಳು.
ಆಮೇಲೆ ಚಹಾ ಸೋಸಿದಳು, ಲೋಟ ತುಂಬಿ
ತಟ್ಟೆಗೆ ಚೆಲ್ಲುವವರೆಗೆ.
ತಟ್ಟೆಯದನ್ನೂ ಕುಡಿದೆ.

ಒಂದೂವರೆಗೆ ನಾಲ್ಕು ಮಿಲಿಆಂಪ್.
ಚಿಪ್ಪಿನ ಮೇಲೆ ಬೆರಳಿಟ್ಟು ಹಾಗೇ ಬಿಟ್ಟೆ,
ಮಗುವಿನ ಹಣೆ ನೋಡುವಷ್ಟು ಹೊತ್ತು.
ಕಿತ್ತೆಸೆದ ಮೂರನ್ನು ಕಸದಿಂದ ಆರಿಸಿ ಡಬ್ಬಿಗೆ ಹಾಕಿದೆ.

ಪುಸ್ತಕ ತೆರೆದು ರವಣ ಕೇಳಿದ,
"ಅಕ್ಕ, ದೋಷ ಅನ್ನೋ ಕಡೆ ಏನು ಬರೀಲಿ?"
ಬಾಯಿ ತೆರೆದೆ.
"ಬಿಡು, ಖಾಲಿ ಇರಲಿ.
ಬಿಲ್ಲಲ್ಲಿ ಮಾಸ್ಫೆಟ್ಟಿನ ದುಡ್ಡು ಸೇರಿಸಬೇಡ."